ಬೆಟ್ಟ ಅಗೆದು ಇಲಿಯನ್ನೇ ಹಿಡಿದವರು

ವಿಶ್ವವಿದ್ಯಾಲಯಗಳ ಸಂಶೋಧನೆಯ ಮಾತೆತ್ತಿದರೆ ಸಾಕು, ನಮ್ಮಲ್ಲಿ ತೀರ್ಪು ನಾಲಗೆಯ ತುದಿಯಲ್ಲೇ ಇರುತ್ತದೆ: ಬೆಟ್ಟ ಅಗೆದು ಇಲಿ ಹಿಡಿದರು. ಮದುವೆ ಮನೆಯ ಪಂಕ್ತಿಯಲ್ಲಿ ಕೂತವರೂ ಇದನ್ನೇ ಹೇಳುತ್ತಾರೆ, ಟಿವಿ ಚರ್ಚೆಗೆ ಕೂತವರೂ ಇದನ್ನೇ ಹೇಳುತ್ತಾರೆ. ಬಜೆಟ್ ಬರೆಯುವವರು ಬಾಯಿಬಿಟ್ಟು ಹೇಳದೆ ಅನುದಾನಕ್ಕೆ ಕತ್ತರಿ ಹಾಕಿ ಹೇಳುತ್ತಾರೆ. ಯಾವುದೋ ಹುಳದ ಕಾಲು ಎಣಿಸುವುದಕ್ಕೆ ಐದು ವರ್ಷ ಫೆಲೋಶಿಪ್ ಯಾಕೆ? ಹಳೇ ತಾಳೆಗರಿ ಓದಿದರೆ ಯಾರ ಹೊಟ್ಟೆ ತುಂಬುತ್ತದೆ? ರೈತನಿಗೆ ಗೊತ್ತಿಲ್ಲದ್ದು ಪ್ರೊಫೆಸರಿಗೆ ಏನು ಗೊತ್ತು? ತೆರಿಗೆ ಕಟ್ಟುವವರು ನಾವು, ಮೊದಲು ಉಪಯೋಗ ತೋರಿಸಿ, ಆಮೇಲೆ ದುಡ್ಡು ಕೇಳಿ.

ಈ ಮಾತುಗಳು ಕೇಳುವುದಕ್ಕೆ ವ್ಯವಹಾರಜ್ಞಾನದಂತೆ ಇವೆ. ಒಂದೊಂದನ್ನೂ ಬಿಡಿಸಿ ನೋಡಿದರೆ ಯಾವುದೂ ನಿಲ್ಲುವುದಿಲ್ಲ. ಸಂಶೋಧನೆ ನಮ್ಮ ದಿನಬಳಕೆಯೊಳಗೆ ಪೂರ್ತಿ ಬೆರೆತುಹೋಗಿದೆ, ಹಾಗಾಗಿ ಅದರ ಗುರುತು ಹತ್ತುವುದಿಲ್ಲ. ಗುರುತು ಹತ್ತದ್ದನ್ನು ನಾವು ಇಲ್ಲವೇ ಇಲ್ಲ ಎಂದು ಲೆಕ್ಕ ಹಾಕುತ್ತಿದ್ದೇವೆ. ಆ ತಪ್ಪು ಲೆಕ್ಕಕ್ಕೆ ಬೆಲೆ ತೆರುವವರೂ ನಾವೇ.

ಮೊದಲು, 'ಜನರಿಗೆ ಏನು ಸಿಕ್ಕಿತು' ಎಂಬ ಪ್ರಶ್ನೆ. ಇದಕ್ಕೆ ಉತ್ತರ ಬೇಕಾದವರು ಮುಂಗಾರು ಹಿಡಿಯುವ ಹೊತ್ತಿಗೆ ಮಲೆನಾಡಿನ ಯಾವುದಾದರೂ ಅಡಿಕೆ ತೋಟಕ್ಕೆ ಹೋಗಬೇಕು. ಒಂದು ಡ್ರಮ್ಮಿನಲ್ಲಿ 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿಗೆ ಕರಗಿಸಿರುತ್ತಾರೆ, ಇನ್ನೊಂದರಲ್ಲಿ 1 ಕಿಲೋ ಸುಣ್ಣವನ್ನು 50 ಲೀಟರಿಗೆ. ಎರಡನ್ನೂ ಬೆರೆಸಿದರೆ ತಿಳಿನೀಲಿ ದ್ರಾವಣ. ಹದ ನೋಡಲು ಉಜ್ಜಿದ ಚಾಕುವಿನ ಅಲಗನ್ನು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಇಲ್ಲದಿದ್ದರೆ ಎಳೆಗಾಯಿ ಸುಡುತ್ತದೆ. ಮಳೆಗೆ ತೊಳೆದುಹೋಗದಂತೆ ಅಂಟಿಗೆ ರಾಳ ಸೇರಿಸುವವರೂ ಇದ್ದಾರೆ. ಕೊನೆಗೌಡ ಮರವೇರಿ ಒಂದೊಂದು ಕೊನೆಗೂ ತಾಗುವಂತೆ ಹೊಡೆಯುತ್ತಾನೆ. 40-45 ದಿನ ಕಳೆದ ಮೇಲೆ ಎರಡನೆಯ ಸುತ್ತು. ಕೊಳೆರೋಗಕ್ಕೆ ಇದೇ ಔಷಧಿ, ಅಜ್ಜನ ಕಾಲದಿಂದ ನಡೆದುಬಂದದ್ದು ಎನ್ನುತ್ತೇವೆ.

ಯಾವ ಅಜ್ಜ? 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರಾಗಿದ್ದ ಮಿಲಾರ್ಡೆ ಎಂಬಾತನಿಂದ ಶುರುವಾದ ಕತೆ ಇದು. ಆ ಸೀಮೆಯ ದ್ರಾಕ್ಷಿತೋಟಗಳಲ್ಲಿ ಬೂಸಲು ರೋಗಕ್ಕೆ ಎಲೆಗಳೆಲ್ಲ ಉದುರುತ್ತಿದ್ದವು. ರಸ್ತೆಯ ಅಂಚಿನ ಸಾಲುಗಳು ಮಾತ್ರ ಹಸಿರಾಗಿರುವುದು ಆತನ ಕಣ್ಣಿಗೆ ಬಿತ್ತು. ವಿಚಾರಿಸಿದರೆ, ದಾರಿಹೋಕರು ಹಣ್ಣು ಕೀಳದಿರಲಿ ಎಂದು ತೋಟದವರು ಮೈಲುತುತ್ತ ಮತ್ತು ಸುಣ್ಣ ಕಲಸಿ ಆ ಬಳ್ಳಿಗಳಿಗೆ ಎರಚಿದ್ದರು. ತೋಟದವರಿಗೆ ಅದು ಕಳ್ಳರನ್ನು ಹೆದರಿಸುವ ಬಣ್ಣ. ಅದೇ ರೋಗವನ್ನೂ ತಡೆದಿದೆಯೇ, ಎಷ್ಟು ತಾಮ್ರಕ್ಕೆ ಎಷ್ಟು ಸುಣ್ಣ ಬೇಕು ಎಂದು ರಸಾಯನಶಾಸ್ತ್ರಜ್ಞನೊಬ್ಬನನ್ನು ಜೊತೆಗಿಟ್ಟುಕೊಂಡು ಪರೀಕ್ಷೆಗೆ ಹಚ್ಚಿದ್ದು ಪ್ರೊಫೆಸರು. 1885ರಲ್ಲಿ ಫಲಿತಾಂಶ ಪ್ರಕಟವಾಯಿತು.

1908ರಲ್ಲಿ ಮೈಸೂರು ಸಂಸ್ಥಾನದ ನೌಕರಿಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಕೊಳೆಯನ್ನು ಅಧ್ಯಯನಕ್ಕೆತ್ತಿಕೊಂಡರು. ಆಗ ನಮ್ಮವರು ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆ ತಡೆಯುತ್ತಿದ್ದರು. ಅದು ದಡ್ಡತನವಲ್ಲ, ಮಳೆನೀರಿಗೂ ರೋಗಕ್ಕೂ ನಂಟಿದೆ ಎಂಬುದನ್ನು ಅವರು ಸರಿಯಾಗಿಯೇ ಕಂಡುಕೊಂಡಿದ್ದರು. ಅವರಿಗೆ ಕಾಣದೆ ಉಳಿದದ್ದು ಆ ನೀರಿನಲ್ಲಿ ಈಜುವ ಸೂಕ್ಷ್ಮಜೀವಿ. 1840ರ ದಶಕದಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ನಾಶಮಾಡಿ ಬರ ತಂದ ಫೈಟಾಫ್ತೊರ ಕುಲದ್ದೇ ಜೀವಿ ಅದು. 1876ರಲ್ಲಿ ಜರ್ಮನಿಯ ಡಿ ಬ್ಯಾರಿ ಆ ಕುಲಕ್ಕೆ ಹೆಸರಿಟ್ಟಾಗ ಅಡಿಕೆ ಅವನ ಮನಸ್ಸಿನಲ್ಲಿರಲಿಲ್ಲ. ಕೊಳೆಯ ಕಾರಣವೇನು, ಅದು ಹರಡುವುದು ಹೇಗೆ, ಬೋರ್ಡೋ ದ್ರಾವಣವನ್ನು ಯಾವಾಗ ಹೊಡೆದರೆ ಉಳಿಗಾಲ ಎಂಬುದನ್ನೆಲ್ಲ ಕೋಲ್ಮನ್ ತಮ್ಮ ವರದಿಯಲ್ಲಿ ಬರೆದದ್ದು 1910ರಲ್ಲಿ. ಮೂರು ದೇಶಗಳ ಪ್ರಯೋಗಶಾಲೆ ಮತ್ತು ನಮ್ಮ ತೋಟಗಾರರ ನೂರು ವರ್ಷಗಳ ಬೆವರು ಸೇರಿ ಇವತ್ತಿನ 'ಅಜ್ಜನ ಔಷಧಿ' ಆಗಿದೆ. ಆ ಮರದ ಕೆಳಗೇ ನಿಂತು ಸಂಶೋಧನೆಯಿಂದ ರೈತನಿಗೆ ಏನೂ ಆಗಿಲ್ಲ ಅನ್ನುವುದು ಉಂಡ ಮನೆಯ ಜಂತೆ ಎಣಿಸುವ ಬುದ್ಧಿ.

ಎರಡನೆಯ ಮಾತು ಇನ್ನಷ್ಟು ನಾಜೂಕಿನದು. ಅನುಭವ ಇರುವಾಗ ಅಧ್ಯಯನ ಯಾಕೆ ಎಂದು ಕೇಳುವವರು ತಾವು ಹಳ್ಳಿಗರ ಪರ ಎಂದುಕೊಂಡಿರುತ್ತಾರೆ. ಹಳ್ಳಿಗರ ಅನುಭವಕ್ಕೆ ಸರ್ಕಾರಿ ಕಡತದಲ್ಲಿ ಜಾಗ ಸಿಕ್ಕಿದ್ದು ಯಾರಿಂದ ಎಂಬುದನ್ನು ಮಾತ್ರ ಅವರು ನೋಡಿದಂತಿಲ್ಲ. ಉತ್ತರ ಕನ್ನಡದ ಕಾಡುಗಳಲ್ಲಿ ಕಾಗದದ ಕಾರ್ಖಾನೆಗೆ ಬಿದಿರು ಕಡಿಯುತ್ತಿದ್ದ ಕಾಲದಲ್ಲಿ ಮೆಳೆಯ ಬುಡದ ಮುಳ್ಳುಕಂಟಿಯನ್ನೆಲ್ಲ ಸವರಿ ಹಾಕುವ ಪದ್ಧತಿಯಿತ್ತು. ಮುಳ್ಳು ತೆಗೆದರೆ ಮೆಳೆ ಚೆನ್ನಾಗಿ ಬೆಳೆಯುತ್ತದೆ ಎಂಬುದು ಅರಣ್ಯದ ಅಧಿಕಾರಿಗಳ ಮತ. ಮುಳ್ಳು ತೆಗೆದರೆ ಕಳಲೆ ಉಳಿಯುವುದಿಲ್ಲ, ದನ-ಮಂಗ ತಿಂದು ಹಾಕುತ್ತವೆ ಎಂಬುದು ಊರವರ ಮಾತು. ಊರವರ ಮಾತನ್ನು ಕೇಳುವವರು ಯಾರು?

1970ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ಅವರ ಸಹೋದ್ಯೋಗಿ ನರೇಂದ್ರ ಪ್ರಸಾದ್ ಆ ಮೆಳೆಗಳನ್ನು ಅಳೆದು ನೋಡಿದರು. ಸವರಿದ ಮೆಳೆಯಲ್ಲಿ ಎಷ್ಟು ಕಳಲೆ ಬದುಕಿತು, ಸವರದ ಮೆಳೆಯಲ್ಲಿ ಎಷ್ಟು ಎಂದು ಲೆಕ್ಕ ಇಟ್ಟರು. ಊರವರು ಹೇಳಿದ್ದೇ ನಿಜವಾಯಿತು. ಇಲ್ಲಿ ಸೋತದ್ದು ಅಧಿಕಾರಸ್ಥರ 'ಎಲ್ಲರಿಗೂ ಗೊತ್ತಿರುವ' ಜ್ಞಾನ, ಗೆದ್ದದ್ದು ಬರಿಗಾಲಿನವರ ಅನುಭವ, ಗೆಲ್ಲಿಸಿದ್ದು ಸಂಶೋಧನೆ. ಅಳತೆ ಇಲ್ಲದಿದ್ದರೆ ಎರಡು ಅನುಭವಗಳ ನಡುವೆ ಯಾರ ಕುರ್ಚಿ ಎತ್ತರವೋ ಅವರ ಅನುಭವವೇ ಸತ್ಯವಾಗಿ ಉಳಿಯುತ್ತಿತ್ತು. ಅನುಭವವೇ ಸಾಕು ಎಂಬ ಘೋಷಣೆ ಕೊನೆಗೆ ಯಾರ ಪರ ನಿಲ್ಲುತ್ತದೆ ಎಂಬುದನ್ನು ಇದರಿಂದ ತಿಳಿಯಬಹುದು.

ಅದೇ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ 'ಅಸ್ತ್ರ' ಎಂಬ ಕೇಂದ್ರ ಕಟ್ಟಿದರು. ಅವರು ವಿದ್ಯುತ್-ರಸಾಯನಶಾಸ್ತ್ರದಲ್ಲಿ ಜಗತ್ತೇ ಓದುವ ಪಠ್ಯ ಬರೆದವರು. ಅವರ ತಂಡ ಕುಣಿಗಲ್ ತಾಲ್ಲೂಕಿನ ಉಂಗ್ರ ಸುತ್ತಲಿನ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಯಾವ ಕೆಲಸಕ್ಕೆ ಎಷ್ಟು ಶಕ್ತಿ ಖರ್ಚಾಗುತ್ತದೆ ಎಂದು ಲೆಕ್ಕ ಹಾಕಿತು. ದೇಶವೆಲ್ಲ ಆಗ ಹಳ್ಳಿಗೆ ಕರೆಂಟು, ಪಂಪ್‌ಸೆಟ್ಟು ಎಂದು ಮಾತಾಡುತ್ತಿತ್ತು. ಲೆಕ್ಕದಲ್ಲಿ ಕಂಡದ್ದು ಬೇರೆ. ಹಳ್ಳಿಯ ಶಕ್ತಿಯ ಬಹುಪಾಲು ಸೌದೆಯಿಂದ ಬರುತ್ತಿತ್ತು, ಆ ಸೌದೆಯ ಬಹುಪಾಲು ಅಡುಗೆಗೆ ಉರಿಯುತ್ತಿತ್ತು, ಅದನ್ನು ಆಯ್ದು ಹೊತ್ತು ತರುವವರಲ್ಲಿ ಹೆಂಗಸರು ಮಕ್ಕಳೇ ಮುಂದು. ಪ್ರತಿ ಹೆಣ್ಣುಮಗಳಿಗೂ ಬೆನ್ನಿನಿಂದ ಗೊತ್ತಿದ್ದ ಸಂಗತಿ ಇದು. ಯೋಜನಾ ಆಯೋಗದ ಮೇಜಿನ ಮೇಲೆ ಇರಲಿಲ್ಲ, ಏಕೆಂದರೆ ದುಡ್ಡು ಕೊಟ್ಟು ಕೊಳ್ಳದ ಸೌದೆಗೂ ಸಂಬಳವಿಲ್ಲದ ದುಡಿಮೆಗೂ ಯಾವ ಲೆಕ್ಕಪುಸ್ತಕದಲ್ಲೂ ಕಾಲಂ ಇರಲಿಲ್ಲ. ಮೂರು ಪಾತ್ರೆ ಒಟ್ಟಿಗೆ ಕೂರುವ, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸುವ ಅಸ್ತ್ರ ಒಲೆ ಹುಟ್ಟಿದ್ದು ಈ ಲೆಕ್ಕದಿಂದ.

ಆ ತಂಡದ ಎಲ್ಲ ಪ್ರಯತ್ನಗಳೂ ಫಲಿಸಲಿಲ್ಲ. ಪುರ ಎಂಬ ಹಳ್ಳಿಯಲ್ಲಿ ಸಮುದಾಯದ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿ ಮನೆ ಮನೆಗೆ ಅಡುಗೆ ಅನಿಲ ಕೊಡಲು ಹೋದರು. ಸಗಣಿ ಸಾಲಲಿಲ್ಲ, ಅನಿಲ ಸಾಲಲಿಲ್ಲ, ಊರವರ ಉತ್ಸಾಹವೂ ಇಳಿಯಿತು. ಊರಿಗೆ ಮೊದಲು ಬೇಕಿದ್ದದ್ದು ಕುಡಿಯುವ ನೀರು ಎಂಬುದು ತಿಳಿದ ಮೇಲೆ, 1987ರಿಂದ ಅದೇ ಅನಿಲದಲ್ಲಿ ಎಂಜಿನ್ ಓಡಿಸಿ ನೀರು ಎತ್ತಿ, ಮನೆಗಳಿಗೆ ದೀಪ ಕೊಟ್ಟರು. ಸೋತದ್ದನ್ನು ಸೋತೆವೆಂದು ಬರೆದಿಟ್ಟು, ಕಾರಣ ಹುಡುಕಿ, ದಾರಿ ಬದಲಿಸಿದರು. ನಮ್ಮ ಸರ್ಕಾರಿ ಯೋಜನೆಗಳಲ್ಲಿ ಎಷ್ಟು ಹೀಗೆ ತಮ್ಮ ಸೋಲನ್ನು ಅಚ್ಚು ಹಾಕಿಸಿವೆ?

ಮೂರನೆಯ ಮಾತೇ ಎಲ್ಲಕ್ಕಿಂತ ಅಪಾಯದ್ದು: ಉಪಯೋಗ ಮೊದಲೇ ತೋರಿಸಿ. ಇದನ್ನು ಹೇಳುವವರಿಗಾಗಿಯೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡು ಇದೆ. 1957ರಲ್ಲಿ ಅಲ್ಲಿ ಮಂಗಗಳು ಸಾಯತೊಡಗಿದವು, ಬೆನ್ನಿಗೆ ಜನ ಜ್ವರದಿಂದ ಸಾಯತೊಡಗಿದರು. ಹಳದಿ ಜ್ವರ ಏಷ್ಯಾಕ್ಕೆ ಕಾಲಿಟ್ಟಿತೇ ಎಂದು ಜಗತ್ತಿನ ವೈದ್ಯಲೋಕ ಬೆಚ್ಚಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು, ಇದು ಹಳದಿ ಜ್ವರವಲ್ಲ, ಉಣುಗಿನಿಂದ ಹರಡುವ ಹೊಸ ವೈರಸ್ಸು, ರಷ್ಯಾದ ಕಾಡುಗಳ ಮಿದುಳುಜ್ವರದ ವೈರಸ್ಸಿಗೆ ಹತ್ತಿರದ್ದು ಎಂದು ಕಂಡುಕೊಂಡರು. ಅದೇ ನಮ್ಮ ಮಂಗನ ಕಾಯಿಲೆ.

ಮುಂದಿನ ಕೆಲಸ ಯಾವ ಉಪಯೋಗವಾದಿಯ ಕಣ್ಣಿಗೂ ಹುಚ್ಚಾಟದಂತೆ ಕಾಣುವಂಥದ್ದು. ಬಿಳಿ ಬಟ್ಟೆಯನ್ನು ಕಾಡಿನ ನೆಲದ ಮೇಲೆ ಎಳೆದುಕೊಂಡು ಹೋಗುವುದು, ಅದಕ್ಕೆ ಹತ್ತಿದ ಉಣುಗುಗಳನ್ನು ಒಂದೊಂದಾಗಿ ಹೆಕ್ಕಿ ಸೀಸೆಗೆ ಹಾಕುವುದು, ಸೂಕ್ಷ್ಮದರ್ಶಕದ ಕೆಳಗೆ ಜಾತಿ ಗುರುತಿಸುವುದು, ಯಾವ ತಿಂಗಳಲ್ಲಿ ಯಾವ ಹಂತದ ಮರಿ ಎಷ್ಟಿದೆ ಎಂದು ಪಟ್ಟಿ ಮಾಡುವುದು. ಮತ್ತೆ ಇಲಿ, ಮೂಗಿಲಿ, ಅಳಿಲುಗಳನ್ನು ಬೋನಿಟ್ಟು ಹಿಡಿದು ರಕ್ತ ಪರೀಕ್ಷಿಸುವುದು. ಹೌದು, ಅವರು ಅಕ್ಷರಶಃ ಕಾಡು ಜಾಲಾಡಿ ಇಲಿ ಹಿಡಿದರು. ಮಂಗ ಸತ್ತುಹೋದ ಮೇಲೂ ಕಾಡಿನಲ್ಲಿ ವೈರಸ್ಸು ಎಲ್ಲಿ ಉಳಿಯುತ್ತದೆ ಎಂಬುದರ ಸುಳಿವು ಸಿಕ್ಕಿದ್ದು ಆ ಇಲಿಗಳಲ್ಲಿ, ಮೂಗಿಲಿಗಳಲ್ಲಿ. ಹಕ್ಕಿಗಳು ದೂರದೇಶದಿಂದ ವೈರಸ್ಸು ಹೊತ್ತು ತಂದವೇ ಎಂಬ ಸಂಶಯಕ್ಕೆ ಸಲೀಂ ಅಲಿ ಅವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಬಿಟ್ಟಿತು. ಆ ಸಂಶಯ ಸಾಬೀತಾಗಲಿಲ್ಲ, ಆದರೆ ಭಾರತದ ವಲಸೆ ಹಕ್ಕಿಗಳ ಬಗ್ಗೆ ನಮಗಿರುವ ತಿಳಿವಳಿಕೆಯ ದೊಡ್ಡ ಪಾಲು ಬಂದದ್ದು ಆ ಉಂಗುರಗಳಿಂದ.

ಕಾಯಿಲೆ ಹರಡುವುದರಲ್ಲಿ ಮುಖ್ಯ ಪಾತ್ರದ ಉಣುಗಿನ ಹೆಸರು ಹೀಮಫೈಸಾಲಿಸ್ ಸ್ಪಿನಿಜೆರಾ. ಆ ಹೆಸರನ್ನು ನ್ಯೂಮನ್ ಎಂಬ ಫ್ರೆಂಚ್ ವಿಜ್ಞಾನಿ ಕೊಟ್ಟದ್ದು 1897ರಲ್ಲಿ, ಕಾಯಿಲೆ ಗೊತ್ತಾಗುವುದಕ್ಕೆ 60 ವರ್ಷ ಮೊದಲು. ಅವನ ಬಳಿ ಹೋಗಿ 'ಈ ಹುಳದ ಕಾಲು, ಮೂತಿಗಳ ವಿವರ ಬರೆದು ಜನರಿಗೇನು ಲಾಭ' ಎಂದು ಯಾರಾದರೂ ಕೇಳಿದ್ದರೆ ಅವನ ಹತ್ತಿರ ಉತ್ತರ ಇರುತ್ತಿರಲಿಲ್ಲ. ಉತ್ತರ ಇಲ್ಲವೆಂದು ಅವನ ಅನುದಾನ ನಿಲ್ಲಿಸಿದ್ದರೆ, ಕ್ಯಾಸನೂರಿನಲ್ಲಿ ಸೀಸೆ ಹಿಡಿದು ನಿಂತವರಿಗೆ ಕೈಯಲ್ಲಿರುವ ಹುಳ ಯಾವುದೆಂದು ಹೇಳುವವರಿರುತ್ತಿರಲಿಲ್ಲ.

ಇವತ್ತು ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದು ಹೇಳುವ ಒಂದೊಂದು ಮಾತಿನ ಹಿಂದೆಯೂ ಆ ಸೀಸೆಗಳಿವೆ. ನವೆಂಬರ್‌ನಿಂದ ಮೇವರೆಗೆ ಹುಷಾರು ಎಂದು ಅವಳು ಹೇಳುತ್ತಾಳೆ, ಏಕೆಂದರೆ ಮನುಷ್ಯರಿಗೆ ಕಚ್ಚುವ ಎಳೆಯ ಉಣುಗುಗಳು ಆಗಲೇ ಹೆಚ್ಚು. ಸೊಪ್ಪಿಗೆ, ಸೌದೆಗೆ ಹೋಗುವಾಗ ಕೈಕಾಲಿಗೆ ತೈಲ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ತೊಳೆಯಿರಿ ಎನ್ನುತ್ತಾಳೆ. ಮಂಗ ಸತ್ತದ್ದು ಕಂಡರೆ ಮುಟ್ಟಬೇಡಿ, ತಿಳಿಸಿ ಎನ್ನುತ್ತಾಳೆ. ಸತ್ತ ಮಂಗದ ಮೈಯಿಂದ ಉದುರುವ ಉಣುಗುಗಳನ್ನು ಕೊಲ್ಲಲು ಸುತ್ತ 50 ಮೀಟರ್ ಪುಡಿ ಎರಚುತ್ತಾರೆ. ರೋಗಿಯನ್ನು ದೂರ ಇಡಬೇಡಿ, ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ ಎನ್ನುತ್ತಾಳೆ. ಇದರಲ್ಲಿ ಯಾವುದೂ ಮುನಿಗಳ ದಿವ್ಯದೃಷ್ಟಿಯಿಂದ ಬಂದದ್ದಲ್ಲ.

ಅಧ್ಯಯನ ನಿಂತರೆ ಏನಾಗುತ್ತದೆ ಎಂಬುದಕ್ಕೂ ಇದೇ ಕಾಯಿಲೆ ಸಾಕ್ಷಿ. ಕಾಡು ಕಡಿದು, ನಡುವೆ ಗದ್ದೆ ಮಾಡಿ, ದನ ಮೇಯಿಸಿದಂತೆಲ್ಲ ಉಣುಗು ಹೆಚ್ಚುತ್ತದೆ ಎಂದು ಬೋಶೆಲ್ ಎಂಬ ವಿಜ್ಞಾನಿ 1969ರಲ್ಲೇ ಬರೆದಿದ್ದರು. ಓದಿದವರು ಎಷ್ಟು ಜನ? ಹಳೆಯ ಲಸಿಕೆಯನ್ನೇ ದಶಕಗಳ ಕಾಲ ನಂಬಿ ಕೂತೆವು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಸಾವುಗಳ ಸರಣಿಯೇ ನಡೆದಾಗ ಎಚ್ಚೆತ್ತೆವು. 2022ರಲ್ಲಿ, ಪರಿಣಾಮ ಸಾಲದೆಂದು ಆ ಲಸಿಕೆಯನ್ನು ಕೈಬಿಟ್ಟಾಗ ಅದರ ಜಾಗಕ್ಕೆ ಇಡಲು ಹೊಸದೊಂದು ಕೈಯಲ್ಲಿರಲಿಲ್ಲ. ಲಾಭದ ಲೆಕ್ಕ ಹಾಕುವ ಕಂಪನಿಗಳಿಗೆ ಬಡವರ, ಕಾಡಂಚಿನವರ ಕಾಯಿಲೆ ಮಾರುಕಟ್ಟೆಯಲ್ಲ. ಇಂಥದ್ದನ್ನು ಸಾರ್ವಜನಿಕ ಹಣದಲ್ಲಿ ನಡೆಯುವ ಸಂಶೋಧನೆಯೇ ನೋಡಬೇಕು. ಆ ಹಣಕ್ಕೇ ನಾವು ದಂಡ ಎಂದು ಹೆಸರಿಟ್ಟಿದ್ದೇವೆ.

ಇಷ್ಟು ಹೇಳಿದರೆ ಎದುರು ಪಕ್ಷ ಒಂದು ಹೆಜ್ಜೆ ಹಿಂದೆ ಸರಿದು ಇನ್ನೊಂದು ಗೂಟ ನೆಡುತ್ತದೆ. ಆಯಿತು, ವಿಜ್ಞಾನ ಇರಲಿ, ಇತಿಹಾಸ, ಸಾಹಿತ್ಯ, ಸಮಾಜಶಾಸ್ತ್ರಗಳ ಥೀಸಿಸ್ಸು ಯಾಕೆ? ತಮಾಷೆಯೆಂದರೆ, ಹೀಗೆ ಕೇಳುವವರಲ್ಲಿ ಹಲವರು ಬೆಳಗೆದ್ದು ಚಾಣಕ್ಯನ ಹೆಸರಿನ ಸುಭಾಷಿತ ಫಾರ್ವರ್ಡ್ ಮಾಡುವವರು. ಕೌಟಿಲ್ಯನ ಅರ್ಥಶಾಸ್ತ್ರದ ಪಠ್ಯ ಶತಮಾನಗಳ ಕಾಲ ಕಣ್ಮರೆಯಾಗಿತ್ತು. ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಕೊಟ್ಟ ತಾಳೆಗರಿ ಕಟ್ಟನ್ನು ಅಲ್ಲಿನ ಗ್ರಂಥಪಾಲಕ ಆರ್. ಶಾಮಶಾಸ್ತ್ರಿ ಬಿಚ್ಚಿ, ಗ್ರಂಥಲಿಪಿಯನ್ನು ಓದಿ, ಇದು ಯಾವ ಗ್ರಂಥವೆಂದು ಗುರುತಿಸಿ 1905ರಲ್ಲಿ ಜಗತ್ತಿಗೆ ತಿಳಿಸಿದರು. 1909ರಲ್ಲಿ ಮೂಲ, 1915ರಲ್ಲಿ ಇಂಗ್ಲಿಷ್ ಅನುವಾದ ಅಚ್ಚಾದವು. ಪ್ರಾಚೀನ ಭಾರತಕ್ಕೆ ಪರಲೋಕದ ಚಿಂತೆ ಬಿಟ್ಟು ಬೇರೇನೂ ಇರಲಿಲ್ಲ ಎಂಬ ವಸಾಹತುಶಾಹಿ ಪಾಠ ಅಲುಗಾಡಿತು. ತೆರಿಗೆ, ಗಣಿ, ಗೂಢಚರ್ಯೆ, ತೂಕ-ಅಳತೆಗಳ ಬಗ್ಗೆ ಅಷ್ಟು ನಿಖರವಾಗಿ ಬರೆದ ಗ್ರಂಥ ಎದುರಿಗಿತ್ತು. ಹೊಟ್ಟೆ ತುಂಬದ ಕೆಲಸ ಎಂದು ಆ ಕಟ್ಟನ್ನು ಬಿಚ್ಚದೇ ಬಿಟ್ಟಿದ್ದರೆ, ಇವತ್ತು ಎದೆ ತಟ್ಟಿಕೊಳ್ಳಲು ಬಳಸುವ ಆ ಹೆಸರಿನ ಹಿಂದೆ ಗ್ರಂಥವೇ ಇರುತ್ತಿರಲಿಲ್ಲ.

ಚುನಾವಣೆ ಬಂದರೆ ಕಟ್ಟೆಯ ಮೇಲೆ ಕೂತ ಪ್ರತಿಯೊಬ್ಬನೂ ಯಾವ ಕ್ಷೇತ್ರದಲ್ಲಿ ಯಾವ ಜಾತಿಯ ಕೈ ಮೇಲು ಎಂದು ಲೆಕ್ಕ ಹೇಳುತ್ತಾನೆ. ಆ ಲೆಕ್ಕದ ಚೌಕಟ್ಟು ಕೊಟ್ಟವರು ಎಂ. ಎನ್. ಶ್ರೀನಿವಾಸ್. 1948ರಲ್ಲಿ ಮೈಸೂರು ಬಳಿಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಉಳಿದು, ಜಗಳ, ಗೇಣಿ, ಮದುವೆ, ಪಂಚಾಯ್ತಿಗಳನ್ನು ಗಮನಿಸಿ ಅವರು ಬರೆದರು. ಧರ್ಮಗ್ರಂಥದ ಮೇಲು-ಕೀಳಿನ ಪಟ್ಟಿ ಒಂದು, ಊರಿನಲ್ಲಿ ನಡೆಯುವ ಅಧಿಕಾರ ಇನ್ನೊಂದು. ಭೂಮಿ ಯಾರ ಕೈಯಲ್ಲಿದೆ, ತಲೆ ಎಷ್ಟಿವೆ ಎಂಬುದು ಅಧಿಕಾರವನ್ನು ತೀರ್ಮಾನಿಸುತ್ತದೆ ಎಂದು ತೋರಿಸಿದರು. ಈಗ ಇದು 'ಎಲ್ಲರಿಗೂ ಗೊತ್ತಿರುವ' ವಿಷಯ. ಗೊತ್ತಾದದ್ದು ಯಾರಿಂದ ಎಂದು ಕೇಳುವವರಿಲ್ಲ.

ಹಾಗಾದರೆ ವಿಶ್ವವಿದ್ಯಾಲಯಗಳಲ್ಲಿ ಎಲ್ಲವೂ ಸರಿಯಿದೆಯೇ? ಖಂಡಿತ ಇಲ್ಲ. ಬಡ್ತಿಗಾಗಿ ಬರೆದ ಥೀಸಿಸ್ಸುಗಳಿವೆ, ಕದ್ದು ಬರೆದವಿವೆ, ಬರೆಸಿಕೊಂಡವೂ ಇವೆ. ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳಿವೆ. ಜನರ ಹಣದಲ್ಲಿ ನಡೆದ ಅಧ್ಯಯನವನ್ನು ಜನರ ಭಾಷೆಯಲ್ಲಿ ನಾಲ್ಕು ಪುಟ ಬರೆದು ಹೇಳದ ಸೋಮಾರಿತನವಿದೆ, ಅದಕ್ಕಿಂತ ಹೆಚ್ಚಾಗಿ ಅಹಂಕಾರವಿದೆ. ಈ ದೂರುಗಳೆಲ್ಲ ನ್ಯಾಯವಾದವು. ಆದರೆ ಇವೆಲ್ಲ ಕಳಪೆ ಸಂಶೋಧನೆಯ ಮೇಲಿನ ದೂರುಗಳು. ಕಲಬೆರಕೆ ಹಾಲು ಮಾರುವವನನ್ನು ಹಿಡಿಯಬೇಕು ಸರಿ, ಹಾಲೇ ಬೇಡ ಎಂದರೆ ನಷ್ಟ ಯಾರಿಗೆ? ಕಳಪೆ ಥೀಸಿಸ್ಸನ್ನು ಕಳಪೆ ಎಂದು ತೋರಿಸುವುದಕ್ಕೂ ಅದೇ ವಿಷಯದಲ್ಲಿ ಪಳಗಿದ ಇನ್ನೊಬ್ಬ ಸಂಶೋಧಕನೇ ಬೇಕು. ಹುದ್ದೆಗಳನ್ನು ಖಾಲಿ ಬಿಟ್ಟು, ಅತಿಥಿ ಉಪನ್ಯಾಸಕರಿಂದ ದಿನ ದೂಡಿಸಿ, ಪ್ರಯೋಗಾಲಯಕ್ಕೆ ಬೀಗ ಹಾಕಿ, ಆಮೇಲೆ ಗುಣಮಟ್ಟ ಇಲ್ಲ ಎಂದು ದೂರುವುದು ನ್ಯಾಯವಲ್ಲ.

ದುಂದುವೆಚ್ಚದ ಆರೋಪವಂತೂ ಅಂಕಿಯ ಮುಂದೆ ನಿಲ್ಲುವುದೇ ಇಲ್ಲ. ಭಾರತ ಸಂಶೋಧನೆ ಮತ್ತು ಅಭಿವೃದ್ಧಿಗೆ ಖರ್ಚು ಮಾಡುವುದು ಜಿಡಿಪಿಯ ಸುಮಾರು ಶೇಕಡಾ 0.64ರಷ್ಟು ಮಾತ್ರ. ಚೀನಾದ್ದು ಶೇಕಡಾ 2ಕ್ಕಿಂತ ಹೆಚ್ಚು, ದಕ್ಷಿಣ ಕೊರಿಯಾದ್ದು 4ಕ್ಕಿಂತ ಹೆಚ್ಚು. ನೂರು ರೂಪಾಯಿಯಲ್ಲಿ ಒಂದು ರೂಪಾಯಿಯನ್ನೂ ಕೊಡದೆ, ಕೊಟ್ಟ ಚಿಲ್ಲರೆಗೆ ರಸೀತಿ ಕೇಳುತ್ತಿದ್ದೇವೆ.

ತೆರಿಗೆ ಕಟ್ಟುವವನಿಗೆ ಪ್ರಶ್ನೆ ಕೇಳುವ ಹಕ್ಕಿದೆ. ಆದರೆ ಈ ಅಧ್ಯಯನದಿಂದ ನಾಳೆ ಬೆಳಗ್ಗೆ ನನಗೇನು ಸಿಗುತ್ತದೆ ಎಂಬುದು ಸರಿಯಾದ ಪ್ರಶ್ನೆಯಲ್ಲ. ಪ್ರಶ್ನೆ ಪ್ರಾಮಾಣಿಕವಾಗಿದೆಯೇ, ಅಳತೆ ಸರಿಯಿದೆಯೇ, ಬೇರೆಯವರು ಪರೀಕ್ಷಿಸಬಹುದೇ, ಬಂದ ಫಲಿತಾಂಶವನ್ನು ಕನ್ನಡದಲ್ಲಿ ಹೇಳಿದಿರೇ ಎಂದು ಕೇಳಬೇಕು. ನಮ್ಮ ಜಿಲ್ಲೆಯ ವಿಶ್ವವಿದ್ಯಾಲಯದಲ್ಲಿ ಎಷ್ಟು ಹುದ್ದೆ ಖಾಲಿ ಇವೆ, ಯಾಕೆ ತುಂಬಿಲ್ಲ ಎಂದು ಶಾಸಕರನ್ನು ಕೇಳಬೇಕು. ಬೆಟ್ಟ ಅಗೆಯುವವರನ್ನು ಗೇಲಿ ಮಾಡುವುದು ಸುಲಭ, ಖರ್ಚೂ ಇಲ್ಲ. ಆದರೆ ಮಂಗನ ಕಾಯಿಲೆಯನ್ನು ಗುರುತಿಸಿ 60 ವರ್ಷ ದಾಟಿದರೂ ಅದಕ್ಕೆ ನಿರ್ದಿಷ್ಟ ಔಷಧಿ ಇವತ್ತಿಗೂ ಇಲ್ಲ. ಅದನ್ನು ಯಾರಾದರೂ ಕಂಡುಹಿಡಿಯಬೇಕಿದ್ದರೆ ಇನ್ನೂ ಬಹಳ ಬೆಟ್ಟ ಅಗೆಯುವುದು ಬಾಕಿಯಿದೆ, ಅದಕ್ಕೆ ದುಡ್ಡು ಕೊಡಬೇಕಾದವರು ನಾವೇ.